ತೆಳ್ಳೇವು ಬಿಟ್ಟು ಬಾವಿ ಹಗ್ಗ ಹಿಡಿದ ಮೇಲೆ

ದಸರಾ ರಜೆಗೆ ಅಕ್ಕನ ಮಗಳು ಶಿರಸಿಯಿಂದ ಕಾರವಾರಕ್ಕೆ ನಮ್ಮನೆಗೆ ಬಂದಿದ್ಲು. ಆರನೇ ಕ್ಲಾಸು. ಬರೋಕಿಂತ ಮೊದಲೇ ಅಕ್ಕನ ಫೋನು, "ಕೂಸಿಗೆ ಭಿನ್ನರಾಶಿ ಒಂದು ತಲೆಗೇ ಹತ್ತತಿಲ್ಲೆ, ಸ್ವಲ್ಪ ನೋಡೇ" ಅಂತ. ನೋಟ್‌ಬುಕ್ ತೆಗೆದು ನೋಡ್ತೀನಿ, 2/8 + 3/8 = 5/16. ಪುಟದ ತುಂಬ ಹಿಂಗೇ, ಮೇಲಿಂದಕ್ಕೆ ಮೇಲಿಂದು ಕೂಡಿಸಿದ್ದಾಳೆ, ಕೆಳಗಿಂದಕ್ಕೆ ಕೆಳಗಿಂದು ಕೂಡಿಸಿದ್ದಾಳೆ. ನನಗೆ ಬೇಜಾರೇನೂ ಆಗ್ಲಿಲ್ಲ, ಯಾಕಂದ್ರೆ ಒಂದು ಲೆಕ್ಕ ಸರಿ ಒಂದು ತಪ್ಪು ಅಂತಿದ್ರೆ ಅದು ಗಡಿಬಿಡಿ, ಎಲ್ಲಾನೂ ಒಂದೇ ಥರ ತಪ್ಪಿದ್ರೆ ಮಗು ತಾನೇ ಒಂದು ನಿಯಮ ಮಾಡಿಕೊಂಡು ಅದನ್ನ ನಿಯತ್ತಾಗಿ ಪಾಲಿಸ್ತಿದೆ ಅಂತ ಅರ್ಥ.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ತೆಳ್ಳೇವು, ಅಂದ್ರೆ ನಮ್ಮ ಕಡೆ ತೆಳು ದೋಸೆ. ಎಲ್ಲರೂ ಮಾಡೋ ಹಂಗೆ ನಾನೂ ಅದನ್ನೇ ಎಂಟು ಚೂರು ಮಾಡಿ ಶುರು ಮಾಡ್ದೆ. 2/8 + 3/8 ಸಲೀಸಾಗಿ ಐದು ಚೂರು ಅಂದ್ಲು. ಖುಷಿಯಾಗಿ 5/8 + 6/8 ಎಷ್ಟು ಅಂದೆ. ಒಂದು ತೆಳ್ಳೇವಲ್ಲಿ ಆಗಲ್ಲ, ಇನ್ನೊಂದು ತಂದು ಎಂಟು ಚೂರು ಮಾಡಿದ್ವಿ, ಆಗ ಅವಳು ಹೇಳಿದ್ದು 11/16. "ಎರಡೂ ಸೇರಿ ಹದಿನಾರು ಚೂರು ಇದ್ದಲೆ ಚಿಕ್ಕಿ, ತಿಂದಿದ್ದು ಹನ್ನೊಂದು." ಚಿಕ್ಕಿ ಅಂದ್ರೆ ಚಿಕ್ಕಮ್ಮ, ನಾನೇ. ನಾನು ಅಲ್ಲೇ ಸುಮ್ನಾದೆ. ಅವಳ ಎಣಿಕೆ ತಪ್ಪಲ್ಲ! ಎರಡೂ ತೆಳ್ಳೇವನ್ನ ಒಟ್ಟಿಗೆ 'ಒಂದು' ಅಂತ ಹಿಡಿದ್ರೆ ಹನ್ನೊಂದು ಚೂರು ಅಂದ್ರೆ 11/16 ಸರಿಯೇ. ನಾನು ಕೇಳಿದ್ದು ಒಂದು ತೆಳ್ಳೇವಿನ ಲೆಕ್ಕದಲ್ಲಿ, ಅವಳು ಹೇಳಿದ್ದು ಎರಡರ ಲೆಕ್ಕದಲ್ಲಿ. ತಟ್ಟೆ ಮೇಲೆ ಇರೋ ತಿಂಡಿ 'ಒಂದು ಅಂದ್ರೆ ಇಷ್ಟೇ' ಅಂತ ಹೇಳಲ್ಲ. ಕೆಳಗಿಂದನ್ನೂ ಕೂಡಿಸೋ ಅಭ್ಯಾಸ ಅವಳಿಗೆ ಇಲ್ಲಿಂದಲೇ ಬಂದಿದ್ದು ಅಂತ ನನಗೆ ಅನಿಸಿತು. ರೊಟ್ಟಿ, ದೋಸೆ, ಕೇಕಿನ ಚಿತ್ರ ಭಿನ್ನರಾಶಿ ಅಂದ್ರೇನು ಅಂತ ತೋರಿಸೋಕೆ ಚಂದ, ಕೂಡಿಸೋದು ಕಳೆಯೋದು ಬಂದ ತಕ್ಷಣ ಬಿಟ್ಟು ಸಂಖ್ಯಾರೇಖೆಗೆ ಬಂದುಬಿಡಬೇಕು. ರೇಖೆ ಮೇಲೆ 0 ಎಲ್ಲಿ 1 ಎಲ್ಲಿ ಅಂತ ಮೊದಲೇ ಊರಿರ್ತೀವಿ, ಆಮೇಲೆ ಅದು ಜಾಗ ಬದಲಿಸಲ್ಲ.

ಸಂಜೆ ಟಾಗೋರ್ ಬೀಚಿಗೆ ಹೋಗೋವಾಗ ಹಳೇ ಬಾವಿ ಹಗ್ಗದ ತುಂಡು ತಗೊಂಡು ಹೋದೆ, ಸುಮಾರು ಎರಡು ಮಾರು ಉದ್ದ. ಅಳತೆ ಪಟ್ಟಿ ಬೇಡ, ಅರ್ಧಕ್ಕೆ ಮಡಿಸು, ಮತ್ತೆ ಅರ್ಧ, ಮತ್ತೊಂದ್ಸಲ ಅರ್ಧ, ಮೂರೇ ಮಡಿಕೆಗೆ ಎಂಟು ಸಮ ಭಾಗ. ಮಡಿಕೆ ಬಂದಲ್ಲೆಲ್ಲ ದಾರ ಕಟ್ಟಿದ್ವಿ, ಕಾಲು, ಅರ್ಧ, ಮುಕ್ಕಾಲಿಗೆ ಕೆಂಪು, ನಡುವಿನವಕ್ಕೆ ಬಿಳಿ. ನೀರು ಇಳಿದಿತ್ತು, ಒದ್ದೆ ಮರಳು ಗಟ್ಟಿಯಿತ್ತು, ಹಗ್ಗ ಎಳೆದು ಹಾಸಿ ಒಂದು ಕಡ್ಡೀಲಿ ಗೆರೆ ಹೊಡೆದ್ವಿ, ಮುಂದಕ್ಕೆ ಇನ್ನೊಂದ್ಸಲ ಹಾಸಿ 2ರ ತನಕ ಒಯ್ದ್ವಿ. ಗೆರೆ ಮೇಲ್ಗಡೆ 0, 1, 2. ಕೆಳಗಡೆ ಅದೇ ಜಾಗಕ್ಕೆ 0/8, 8/8, 16/8. ಎರಡೂ ಹೆಸರು ಬರೀಲೇಬೇಕು, ಅದು ಬಿಟ್ರೆ ಮುಂದೆ ತೊಡಕು.

ಮೊದಲನೇ ತಪ್ಪು ಅಲ್ಲೇ ಸಿಕ್ತು. 3/8ರಲ್ಲಿ ನಿಲ್ಲು ಅಂದ್ರೆ ಅವಳು 2/8ರಲ್ಲಿ ನಿಂತ್ಲು. ಸೊನ್ನೆ ಮೇಲೆ ನಿಂತಿದ್ದನ್ನೇ 'ಒಂದು' ಅಂತ ಎಣಿಸಿದ್ದು. ಗೆರೆ ಎಣಿಸೋದಲ್ಲ, ಗೆರೆಗೂ ಗೆರೆಗೂ ನಡುವಿನ ಜಾಗ ಎಣಿಸೋದು, ಕಾಲು ಎತ್ತಿಟ್ರೆ ಮಾತ್ರ ಒಂದು. ಇದನ್ನ ಪುಸ್ತಕದಲ್ಲಿ ನೋಡಿ ಹೇಳೋದಕ್ಕಿಂತ ಕಾಲಲ್ಲಿ ಮಾಡಿಸೋದು ಸುಲಭ. 1685ರಲ್ಲಿ ಇಂಗ್ಲೆಂಡಿನ ಜಾನ್ ವಾಲಿಸ್ ತನ್ನ ಬೀಜಗಣಿತದ ಪುಸ್ತಕದಲ್ಲಿ ಕೂಡಿಸೋದು ಕಳೆಯೋದನ್ನ ಹೇಳಿದ್ದೂ ಹಿಂಗೇ, ಒಬ್ಬ ಮನುಷ್ಯ ಐದು ಗಜ ಮುಂದೆ ಹೋದ, ಎರಡು ಗಜ ಹಿಂದೆ ಬಂದ, ಈಗ ಹೊರಟಲ್ಲಿಂದ ಎಷ್ಟು ದೂರ ಇದ್ದಾನೆ ಅಂತ.

ಆಮೇಲೆ ನೋಟ್‌ಬುಕ್ಕಿನ ಲೆಕ್ಕವನ್ನೇ ತಿರುಗಿಸಿ ಕೇಳಿದೆ. 3/8ರಲ್ಲಿ ನಿಲ್ಲು, ಇನ್ನೂ 2/8 ಮುಂದೆ ಹೋಗು. ಹೋದ್ಲು, 5/8ಕ್ಕೆ ಬಂದು ನಿಂತ್ಲು. ಸರಿ, ನೀನು ಬರೆದಿದ್ದ 5/16 ಎಲ್ಲಿದೆ ತೋರಿಸು ಅಂದೆ. ಒಂದೊಂದು ಭಾಗವನ್ನ ಮತ್ತೆ ಅರ್ಧ ಮಾಡಿ ಹದಿನಾರು ಮಾಡಿದ್ವಿ. 2/8 ಅಂದ್ರೆ 4/16, 3/8 ಅಂದ್ರೆ 6/16, ಆ 5/16 ಬಂದು ಕೂತಿದ್ದು ಸರೀ ಅವೆರಡರ ಮಧ್ಯ. ಅವಳು ತಿರುಗಿ ನೋಡಿ, "ಮುಂದೆ ಹೋಗದ್ದು ಬಿಟ್ಟು ಹಿಂದೇ ಹೋಜಲೆ" ಅಂದ್ಲು. ನಾನು ಒಂದು ಮಾತೂ ಆಡಬೇಕಾಗಿರ್ಲಿಲ್ಲ. ಕೂಡಿಸಿದ ಮೇಲೆ ಉತ್ತರ 3/8ಕ್ಕಿಂತ ಕಮ್ಮಿ ಬಂದ್ರೆ ಎಲ್ಲೋ ತಪ್ಪಿದೆ ಅಂತ ಅವಳ ಕಣ್ಣಿಗೇ ಗೊತ್ತಾಯ್ತು.

ಅಲ್ಲಿಂದ 5/8 + 6/8 ನಡೆದ್ಲು. ಒಂದರ ಗೆರೆ ದಾಟುವಾಗ ನಿಲ್ಲಲೂ ಇಲ್ಲ, 11/8, ಮೇಲ್ಗಡೆ ನೋಡಿದ್ರೆ ಒಂದು ದಾಟಿ ಮೂರು ಹೆಜ್ಜೆ. ಹದಿನಾರರ ಮಾತೇ ಬರ್ಲಿಲ್ಲ.

ಕೆಳಗಿನ 8 ಯಾಕೆ ಕೂಡಲ್ಲ ಅಂದ್ರೆ ಅದು ಎಣಿಕೆ ಅಲ್ಲ, ಹೆಸರು. ಹೆಜ್ಜೆ ಎಷ್ಟು ದೊಡ್ಡದು ಅನ್ನೋದರ ಹೆಸರು. ನಮ್ಮ ಮಾತಲ್ಲೇ ಇದು ಎಷ್ಟು ಚಂದ ಇದೆ ನೋಡಿ, ಒಂದು ಕಾಲು, ಅದಕ್ಕೆ ಎರಡು ಕಾಲು ಕೂಡಿಸಿದ್ರೆ ಮುಕ್ಕಾಲು, ಅಂದ್ರೆ ಮೂರು ಕಾಲು. ಮೂರು ಅನ್ನೋದು ಅಂಶ, ಕಾಲು ಅನ್ನೋದು ಛೇದ. ಕಾಲಿಗೆ ಕಾಲು ಸೇರಿಸಿ ಎರಡು ಅರೆಕಾಲು, ಅಂದ್ರೆ 2/8, ಅಂತ ಯಾರಾದ್ರೂ ಅಂತಾರಾ? 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ನಮ್ಮ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗೇ ಅಂತ ಇಟ್ಟ ಭಾಗದ ಹೆಸರು ಕಲಾಸವರ್ಣ. ಛೇದ ಒಂದೇ ಮಾಡಿಕೊಳ್ಳೋದಕ್ಕೆ ಹಳಬರು ಸವರ್ಣ ಮಾಡೋದು ಅಂತಿದ್ರು, ಎಲ್ಲವನ್ನೂ ಒಂದೇ ಜಾತಿಗೆ ತರೋದು. ಆ ಶಬ್ದ ಗೊತ್ತಿದ್ರೆ ಅರ್ಧ ಪಾಠ ಆದ ಹಂಗೆ ಅಂತ ನನಗೆ ನಿಜವಾಗ್ಲೂ ಅನಿಸತ್ತೆ.

ಕಳೆಯೋದು ಅಂದ್ರೆ ಹಿಂದಕ್ಕೆ ನಡೆಯೋದು. 7/8 − 3/8ಕ್ಕೆ ಮೊದಲು 5/8 ಅಂದ್ಲು, ಮತ್ತೆ ನಿಂತ ಜಾಗವನ್ನೇ ಎಣಿಸಿದ್ದು, ತಾನೇ ತಿದ್ದಿಕೊಂಡು 4/8 ಅಂದ್ಲು. ಕಷ್ಟ ಇದ್ದಿದ್ದು ಇನ್ನೊಂದು. ಒಂದು ಪೂರ್ಣ ಮತ್ತೆ 1/8, ಅದರಲ್ಲಿ 3/8 ಕಳೆ. ನೋಟ್‌ಬುಕ್ಕಲ್ಲಿ ಅವಳು ಒಂದು ಪೂರ್ಣ 2/8 ಅಂತ ಬರೆದಿದ್ಲು, ಒಂದರಲ್ಲಿ ಮೂರು ಹೋಗಲ್ಲ ಅಂತ ಮೂರರಲ್ಲೇ ಒಂದು ಕಳೆದು. ಕಳೆದ ಮೇಲೆ ಜಾಸ್ತಿ ಆಗಿದೆ! ಮರಳಲ್ಲಿ ಅವಳು ಒಂದರ ಆಚೆ ಮೊದಲನೇ ಗೆರೇಲಿ ನಿಂತು ಹಿಂದೆ ಹೆಜ್ಜೆ ಹಾಕಿದ್ಲು, 1, ಆಮೇಲೆ 7/8, ಆಮೇಲೆ 6/8. ದಶಕ ತಗೊಂಬಂದ ಹಂಗೆ ಸಾಲ ತಗೊಳ್ಳೋದೇನೂ ಇಲ್ಲ, 9/8ರಿಂದ ಮೂರು ಹೆಜ್ಜೆ ಹಿಂದೆ, ಅಷ್ಟೇ. ಬಗ್ಗಿ ಪಕ್ಕದಲ್ಲಿದ್ದ ಹಗ್ಗದ ದಾರ ಮುಟ್ಟಿ ನೋಡಿ, "ಚಿಕ್ಕಿ, ಇಲ್ಲಿ ಕೆಂಪು ದಾರ ಇದ್ದು. ಇದು ಮುಕ್ಕಾಲು" ಅಂದ್ಲು. 6/8 ಮತ್ತೆ 3/4 ಒಂದೇ ಅಂತ ನಾನು ಹೇಳಿಕೊಟ್ಟೇ ಇರ್ಲಿಲ್ಲ.

ಮನೇಲಿ ಮಾಡಿಸೋರಿಗೆ ಒಂದು ಮಾತು, ಐದು ಭಾಗ ಬೇಕಂದ್ರೆ ಹಗ್ಗ ಮಡಿಸೋಕೆ ಹೋಗಬೇಡಿ, ಸರಿಯಾಗಿ ಬರಲ್ಲ. ಮೊದಲು ಸಣ್ಣ ಹೆಜ್ಜೆ ಒಂದು ತಗೊಳ್ಳಿ, ಬೆಂಕಿಪೆಟ್ಟಿಗೆ ಉದ್ದ ಆದ್ರೂ ಸೈ, ಅದನ್ನ ಐದು ಸಲ ಇಟ್ಟು ಕೊನೇ ಗೆರೆಗೆ 1 ಅಂತ ಬರೀರಿ. ಆಗ ಎಲ್ಲಾ ಭಾಗ ತಾನೇ ಸಮ ಇರತ್ತೆ.

ಊರಿಗೆ ಹೋಗೋವಾಗ ಹಗ್ಗಾನೂ ಬ್ಯಾಗಿಗೆ ಹಾಕಿಕೊಂಡ್ಲು. ಮೊನ್ನೆ ಫೋನು ಬಂದಿತ್ತು, 1/2ಕ್ಕೆ 1/3 ಕೂಡಿಸೋಕೆ ಆ ಹಗ್ಗದಲ್ಲಿ ಮೂರರ ದಾರವೇ ಇಲ್ಲವಂತೆ, ದೀಪಾವಳಿಗೆ ಆರು ಭಾಗದ್ದು ಬೇರೆ ಹಗ್ಗ ಬೇಕಂತೆ.