ಅಂಗೈಯಷ್ಟು ಬೋರ್ಡಿನಲ್ಲಿ ಹೂವಿನ ಚಂದ್ರ

ಈ ಸಲ ಮಾಡಿದ್ದು ಪುಟ್ಟ ಚಿತ್ರ. 6 ಇಂಚು ಉದ್ದ, ಅಷ್ಟೇ ಅಗಲದ ಬೋರ್ಡು, ಅದರ ತುಂಬ ಹುಣ್ಣಿಮೆ ಚಂದ್ರ, ಚಂದ್ರನ ಒಳಗೆ ಹೂವು. ಚಂದ್ರನ ಸುತ್ತ ಹೂಬಳ್ಳಿ ಹಬ್ಬಿಸಿದ ಚಿತ್ರಗಳು ಬೇಕಾದಷ್ಟಿವೆ, ಚೆನ್ನಾಗಿಯೂ ಇರುತ್ತವೆ. ನನಗೆ ಮಾತ್ರ ಹೂವು ಬರೀ ಅಲಂಕಾರಕ್ಕೆ ಬೇಡವಾಗಿತ್ತು. ಚಂದ್ರನ ಮುಖವೇ ಹೂವಿನಿಂದ ಆಗಬೇಕು.

ಅದಕ್ಕೆ ದಾರಿ ಚಂದ್ರನಲ್ಲೇ ಇದೆ. ನಾವು ಮೊಲ ಅಂತ ನೋಡುವ ಕಪ್ಪು ಕಲೆಗಳಿವೆಯಲ್ಲ, ಅವು ಲಾವಾ ಹರಿದು ಗಟ್ಟಿಯಾದ ಬಯಲುಗಳು, ಹೆಚ್ಚಿನವು 300 ಕೋಟಿ ವರ್ಷಕ್ಕಿಂತ ಹಳೆಯವು. ಆ ಕಲೆಗಳು ಇರುವ ಜಾಗದಲ್ಲೇ ಹೂವಿಟ್ಟೆ. ಒಂದಕ್ಕೊಂದು ಅಂಟಿಕೊಂಡ ದೊಡ್ಡ ಕಲೆಗಳಿಗೆ ಅರಳಿದ ಹೂಗಳ ಗೊಂಚಲು. ಅಂಚಿನ ಹತ್ತಿರ ಒಂಟಿಯಾಗಿ ಕೂತಿರುವ ಮಾರೆ ಕ್ರಿಸಿಯಂ ಅನ್ನುವ ಕಲೆಗೆ ಒಂದೇ ಒಂದು ಮೊಗ್ಗು. ಇನ್ನು ದಕ್ಷಿಣದ ಕಡೆ ಟೈಕೊ ಅನ್ನುವ ಕುಳಿ ಇದೆ, ಸುಮಾರು 85 ಕಿಲೋಮೀಟರ್ ಅಗಲದ್ದು, ಅಲ್ಲಿಂದ ಬಿಳಿ ಗೆರೆಗಳು ಎಲ್ಲ ದಿಕ್ಕಿಗೂ ಚಿಮ್ಮಿರುತ್ತವೆ. ದಾಸವಾಳದ ಕೇಸರ ನೋಡಿದ ಕಣ್ಣಿಗೆ ಅದನ್ನು ಬೇರೆ ಏನೆಂದು ಬರೆಯಲು ಸಾಧ್ಯ ಹೇಳಿ! ಜೆಲ್ ಪೆನ್ನಿನಲ್ಲಿ ಒಂದೊಂದೇ ಎಳೆ ಎಳೆದು ತುದಿಗೆ ಚುಕ್ಕಿ ಇಟ್ಟೆ. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದು.

ದಳಗಳು ಟಿಶ್ಯೂ ಪೇಪರಿನವು. ನಿಜವಾದ ಹೂವನ್ನೇ ಒತ್ತಿ ಅಂಟಿಸಬಹುದು, ಆದರೆ ಬೆಳಕಿಗೆ ಅದರ ಬಣ್ಣ ಹೋಗುತ್ತದೆ. ಬಣ್ಣದ ಟಿಶ್ಯೂ ಕೂಡ ಅಷ್ಟೇ. ಅದಕ್ಕೇ ಬಿಳಿ ಟಿಶ್ಯೂ ಹರಿದು (ಕತ್ತರಿ ಬೇಡ, ಹರಿದ ಅಂಚಿನಲ್ಲೇ ಚೆಲುವು ಇರುವುದು), ಗೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಬಳಿದ ಬೋರ್ಡಿನ ಮೇಲೆ ಮ್ಯಾಟ್ ಜೆಲ್ ಮೀಡಿಯಂ ಅನ್ನುವ ಹೊಳಪಿಲ್ಲದ ಅಕ್ರಿಲಿಕ್ ಅಂಟಿನಲ್ಲಿ ಅಂಟಿಸಿ, ಒಣಗಿದ ಮೇಲೆ ತೆಳುವಾಗಿ ನೀರು ಬೆರೆಸಿದ ಅಕ್ರಿಲಿಕ್ ಹರಿಯಬಿಟ್ಟೆ. ಬಣ್ಣ ಹರಿದು ಟಿಶ್ಯೂವಿನ ಸುಕ್ಕುಗಳಲ್ಲಿ ನಿಲ್ಲುತ್ತದೆ. ದಳದ ನರಗಳನ್ನು ನಾವು ಬರೆಯುವುದೇ ಬೇಕಿಲ್ಲ, ಸುಕ್ಕೇ ಬರೆದುಕೊಡುತ್ತದೆ. ಆಯಿಲ್ ಪೇಸ್ಟಲ್ ಕೊನೆಗೆ ಮಾತ್ರ. ಎಣ್ಣೆಯ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ.

ಬೆಳಕಿನ ಬಗ್ಗೆ ಒಂದು ಮಾತು. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 12ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತಾನೆ, ಹೆಚ್ಚುಕಡಿಮೆ ಸವೆದ ಡಾಂಬರು ರಸ್ತೆಯ ಹಾಗೆ. ಅಷ್ಟು ಬೆಳ್ಳಗೆ ಕಾಣುವುದು ಸುತ್ತಲಿನ ಕತ್ತಲೆಯಿಂದ. ಹಾಗಾಗಿ ಚಂದ್ರನಿಗೆ ಬಿಳಿ ಮೆತ್ತುತ್ತಾ ಹೋಗಬೇಡಿ. ಕೆನೆ ಬಣ್ಣದಲ್ಲೇ ಬಿಟ್ಟು ಆಕಾಶವನ್ನು ಗಾಢ ಮಾಡಿ. ಟ್ಯೂಬಿನ ಕಪ್ಪಿಗಿಂತ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಬೆರೆಸಿದ ಕಪ್ಪು ನನಗೆ ಇಷ್ಟ, ಅದರಲ್ಲಿ ರಾತ್ರಿಯ ಆಳ ಇರುತ್ತದೆ.

ಇಷ್ಟು ಚಿಕ್ಕದರಲ್ಲಿ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಬಟ್ಟೆಯನ್ನು ಚಿತ್ರಕ್ಕೇ ಅಂಟಿಸಿ, ಹಗ್ಗವನ್ನೇ ಚೌಕಟ್ಟು ಮಾಡಿದ ಕೃತಿಯೂ ದೊಡ್ಡದೇನಲ್ಲ. ಚಿಕ್ಕ ಚಿತ್ರವನ್ನು ಜನ ಕೈಗೆತ್ತಿಕೊಂಡು ನೋಡುತ್ತಾರೆ, ಪಕ್ಕದಿಂದ ಬೆಳಕು ಬೀಳುವ ಹಾಗೆ ಓರೆ ಮಾಡುತ್ತಾರೆ, ಆಗ ದಳದ ಉಬ್ಬು ತಗ್ಗು ಎಲ್ಲ ಎದ್ದು ಕಾಣುತ್ತದೆ. ಫೋಟೋದಲ್ಲಿ ಅದು ಸಿಗುವುದಿಲ್ಲ, ಪ್ರಿಂಟ್ ತೆಗೆದರೂ ಸಿಗುವುದಿಲ್ಲ. ಮೂಲ ಚಿತ್ರ ಅಂದರೆ ನನಗೆ ಅದೇ.

ಮುಂದಿನದು ಹುಣ್ಣಿಮೆಯದಲ್ಲ. ಅಮಾವಾಸ್ಯೆ ಕಳೆದು ಮೂರ್ನಾಲ್ಕು ದಿನಕ್ಕೆ ಕಾಣುವ ಗೆರೆ ಚಂದ್ರ. ಆಗ ಗೊಂಚಲಿನ ಹೆಚ್ಚಿನ ಭಾಗ ಇನ್ನೂ ಕತ್ತಲಲ್ಲೇ ಇರುತ್ತದೆ, ಕ್ರಿಸಿಯಂನ ಮೊಗ್ಗು ಆಗಲೇ ಬೆಳಕಿಗೆ ಬಂದಿರುತ್ತದೆ. ಬೋರ್ಡಿಗೆ ಗೆಸ್ಸೊ ಬಳಿದು ಒಣಗಲು ಇಟ್ಟಿದ್ದೇನೆ.