ವಿಯೆಟ್ನಾಂನಲ್ಲಿ ನಗದು: ದರಕ್ಕಿಂತ ಸೊನ್ನೆಗಳ ಕಡೆ ಗಮನವಿರಲಿ

ವಿಯೆಟ್ನಾಂಗೆ ಹೊರಡುವ ಮುನ್ನ ಸುಮಾರು ಒಂದು ತಿಂಗಳ ಕಾಲ ನಾನು ಡಾಲರ್ ಮತ್ತು ಡಾಂಗ್ ನಡುವಿನ ವಿನಿಮಯ ದರವನ್ನು ದಿನವೂ ನೋಡುತ್ತಿದ್ದೆ. ಹನೋಯ್‌ನಲ್ಲಿ ಆರಂಭವಾಗಿ ಹ್ವೆ, ಹೋಯ್ ಆನ್‌ಗಳ ಮೂಲಕ ಹೋ ಚಿ ಮಿನ್ ನಗರದಲ್ಲಿ ಮುಗಿದ ಹನ್ನೊಂದು ದಿನಗಳ ಪ್ರವಾಸದ ಖರ್ಚನ್ನು ಮರಳಿ ಬಂದು ಬರೆದು ನೋಡಿದಾಗ, ದರದಿಂದಾದ ನಷ್ಟ ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ. ಹಣ ಹೋಗಿದ್ದು ಸೊನ್ನೆಗಳನ್ನು ತಪ್ಪಾಗಿ ಓದಿದ್ದರಿಂದ, ಚಿಲ್ಲರೆ ಇಟ್ಟುಕೊಳ್ಳದೇ ಹೋದದ್ದರಿಂದ. ಅದೇ ದಾರಿಯಲ್ಲಿ ಹೋಗುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದರದ ಮಾತು. ಹನೋಯ್‌ನ ನೋಯ್ ಬಾಯ್ ವಿಮಾನ ನಿಲ್ದಾಣದಲ್ಲಿ ಹೊರಬರುವ ಕಡೆ ಬ್ಯಾಂಕುಗಳ ವಿನಿಮಯ ಕೌಂಟರ್‌ಗಳಿವೆ. ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸಬಾರದು ಎಂಬ ಸಾಮಾನ್ಯ ಬುದ್ಧಿವಾದವನ್ನು ನಾನೂ ಕೇಳಿದ್ದೆ, ಆದರೆ ಇಲ್ಲಿ ಅದನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕಾಗಿಲ್ಲ. ಒಂದು ಡಾಲರಿಗೆ ಸುಮಾರು 26,000 ಡಾಂಗ್ ಸಿಗುವ ಈ ದಿನಗಳಲ್ಲಿ, ನಗರದ ಬ್ಯಾಂಕಿಗಿಂತ ಕೌಂಟರಿನಲ್ಲಿ ಡಾಲರಿಗೆ 200 ಡಾಂಗ್ ಕಡಿಮೆ ಕೊಟ್ಟರೆಂದೇ ಇಟ್ಟುಕೊಳ್ಳಿ. 300 ಡಾಲರಿಗೆ ಆಗುವ ವ್ಯತ್ಯಾಸ 60,000 ಡಾಂಗ್, ಅಂದರೆ ಎರಡು ಡಾಲರಿಗಿಂತ ಸ್ವಲ್ಪ ಹೆಚ್ಚು. ಇಷ್ಟನ್ನು ಉಳಿಸುವುದಕ್ಕಾಗಿ ಕೈಯಲ್ಲಿ ಸ್ಥಳೀಯ ಹಣವೇ ಇಲ್ಲದೆ ನಗರ ಪ್ರವೇಶಿಸುವುದು ಜಾಣತನವಲ್ಲ. ಮೊದಲ ಎರಡು ದಿನಗಳಿಗೆ ಸಾಕಾಗುವಷ್ಟನ್ನು ಅಲ್ಲೇ ಬದಲಾಯಿಸಿಕೊಂಡು, ಕೊಟ್ಟ ರಸೀದಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಉಳಿದ ಡಾಂಗನ್ನು ಕೊನೆಯಲ್ಲಿ ಡಾಲರಿಗೆ ಮರಳಿಸುವಾಗ ಅದು ನೆರವಾಗುತ್ತದೆ.

ಡಾಲರ್ ನೋಟುಗಳು ಹೊಸದಾಗಿರಲಿ, ಸಾಧ್ಯವಾದಷ್ಟು 50 ಮತ್ತು 100ರ ನೋಟುಗಳಾಗಿರಲಿ. ಕೆಲವು ಬ್ಯಾಂಕುಗಳ ದರಪಟ್ಟಿಯಲ್ಲಿ ಸಣ್ಣ ಡಾಲರ್ ನೋಟುಗಳಿಗೆ ಪ್ರತ್ಯೇಕವಾಗಿ ಕಡಿಮೆ ದರವನ್ನೇ ನಮೂದಿಸಿರುತ್ತಾರೆ. ಅಂಚು ಹರಿದ ಅಥವಾ ಪೆನ್ನಿನ ಗುರುತಿದ್ದ ನೋಟನ್ನು ನಿರಾಕರಿಸುವುದೂ ಉಂಟು. ನನ್ನ ಒಂದು ನೂರರ ನೋಟಿನ ಮೂಲೆಯಲ್ಲಿ ಯಾರೋ ಬರೆದಿದ್ದ ಸಣ್ಣ ಅಂಕಿಯಿಂದಾಗಿ ಆ ನೋಟು ನನ್ನ ಜೊತೆಗೇ ಮನೆಗೆ ಮರಳಿತು.

ಹನೋಯ್‌ನ ಹಾ ಚುಂಗ್ ಬೀದಿಯ ಚಿನ್ನದ ಅಂಗಡಿಗಳಲ್ಲಿ ಒಳ್ಳೆಯ ದರ ಸಿಗುತ್ತದೆ ಎಂದು ನಿಮಗೂ ಯಾರಾದರೂ ಹೇಳಬಹುದು. ದರ ಒಳ್ಳೆಯದಿರಬಹುದು, ಆದರೆ ಪರವಾನಗಿ ಇಲ್ಲದ ಕಡೆ ವಿದೇಶಿ ಹಣ ಬದಲಾಯಿಸುವುದು ಕಾನೂನಿಗೆ ವಿರುದ್ಧ. 2018ರಲ್ಲಿ ಕಾನ್ ತೋ ನಗರದಲ್ಲಿ ಚಿನ್ನದ ಅಂಗಡಿಯೊಂದರಲ್ಲಿ 100 ಡಾಲರ್ ಬದಲಾಯಿಸಿದ ವ್ಯಕ್ತಿಗೆ 9 ಕೋಟಿ ಡಾಂಗ್ ದಂಡ ವಿಧಿಸಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಮರುವರ್ಷ ನಿಯಮವನ್ನು ಸಡಿಲಿಸಿ, 1,000 ಡಾಲರಿಗಿಂತ ಕಡಿಮೆ ಮೊತ್ತದ ಮೊದಲ ತಪ್ಪಿಗೆ ಎಚ್ಚರಿಕೆ ಸಾಕು ಎಂದು ಮಾಡಿದರು. ಆದರೂ ಎರಡು ಡಾಲರ್ ಉಳಿಸಲು ಪರದೇಶದಲ್ಲಿ ಪೊಲೀಸರ ಎದುರು ನಿಲ್ಲುವ ಸಾಧ್ಯತೆಯನ್ನು ನಾನಾಗಿಯೇ ಹುಡುಕಿಕೊಂಡು ಹೋಗಲಾರೆ. ಬ್ಯಾಂಕಿಗೇ ಹೋದೆ, ಪಾಸ್‌ಪೋರ್ಟ್ ತೋರಿಸಿದ ಮೇಲೆ ಹತ್ತು ನಿಮಿಷದಲ್ಲಿ ಕೆಲಸವಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಂಕುಗಳು ಬಾಗಿಲು ಹಾಕುತ್ತವೆ, ಭಾನುವಾರ ರಜೆ. ಚಾಂದ್ರಮಾನ ಹೊಸವರ್ಷವಾದ ತೆತ್ ಹಬ್ಬದ ಸಮಯದಲ್ಲಿ ಹೋಗುವವರು ಮಾತ್ರ ಮುಂಚಿತವಾಗಿಯೇ ಹಣ ಹೊಂದಿಸಿಕೊಳ್ಳಬೇಕು, ಏಕೆಂದರೆ ಬ್ಯಾಂಕುಗಳು ಹಲವು ದಿನ ಮುಚ್ಚಿರುತ್ತವೆ, ಎಟಿಎಂಗಳೂ ಬರಿದಾಗುತ್ತವೆ.

ಈಗ ಸೊನ್ನೆಗಳ ವಿಷಯ. ವಿಯೆಟ್ನಾಂನಲ್ಲಿ ಸಾವಿರವನ್ನು ಬೇರ್ಪಡಿಸಲು ಅಲ್ಪವಿರಾಮದ ಬದಲು ಚುಕ್ಕೆ ಬಳಸುತ್ತಾರೆ, 50.000 ಎಂದು ಬರೆದಿದ್ದರೆ ಅದು ಐವತ್ತು ಸಾವಿರವೇ ಹೊರತು ಐವತ್ತಲ್ಲ. ಅದೇ ಮೊತ್ತವನ್ನು ಕೆಲವು ಅಂಗಡಿಗಳು 50ಕೆ ಎಂದೂ, ಇನ್ನು ಕೆಲವು ಬರೀ 50 ಎಂದೂ ಬರೆಯುತ್ತವೆ, ಮಾತಿನಲ್ಲೂ ಸಾವಿರವನ್ನು ನುಂಗಿಬಿಡುತ್ತಾರೆ. ಲಕ್ಷದಲ್ಲಿ ಎಣಿಸುವ ನಮಗೆ ಇನ್ನೊಂದು ತೊಡಕು: ಅವರ ಲೆಕ್ಕದಲ್ಲಿ ಲಕ್ಷಕ್ಕೆ ಪ್ರತ್ಯೇಕ ಪದವಿಲ್ಲ, ಅದು ನೂರು ಸಾವಿರ, ಹತ್ತು ಲಕ್ಷವಾದರೆ ಒಂದು 'ಚಿಯೂ'. ಮೊದಲ ದಿನವೇ ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಮೊತ್ತವನ್ನು ಪೂರ್ತಿ ಒತ್ತಿ ತೋರಿಸಿ ಒಪ್ಪಿಸಿಕೊಳ್ಳುವ ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಉಳಿದರ್ಧ ಇರುವುದು ಬಣ್ಣದಲ್ಲಿ. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ ಛಾಯೆಯವು, ಎರಡರ ಮೇಲೂ ಹೋ ಚಿ ಮಿನ್ ಅವರ ಮುಖವಿದೆ. ಹೋಯ್ ಆನ್‌ನ ನದಿ ದಂಡೆಯಲ್ಲಿ ಸಂಜೆ ಮಬ್ಬಿನಲ್ಲಿ ಎಳನೀರು ಕುಡಿದು ಒಂದು ನೀಲಿ ನೋಟು ಕೊಟ್ಟು ಬಂದವನಿಗೆ, ಅದು ಐದು ಲಕ್ಷದ ನೋಟಾಗಿತ್ತೆಂಬುದು ತಿಳಿದದ್ದು ರಾತ್ರಿ ಕೋಣೆಯಲ್ಲಿ ಹಣ ಎಣಿಸುವಾಗ. ಕೊಟ್ಟವನೂ ನೋಡಿರಲಿಲ್ಲ, ತೆಗೆದುಕೊಂಡ ಅಜ್ಜಿಯೂ ನೋಡಿದಂತಿರಲಿಲ್ಲ. ಒಂದು ತಿಂಗಳು ದರ ನೋಡಿ ಉಳಿಸಿದ್ದರ ಎಂಟು ಪಟ್ಟು ಒಂದು ಎಳನೀರಿಗೆ ಹೋಗಿತ್ತು. ಮುಖ ನೋಡಬೇಡಿ, ನೋಟನ್ನು ತಿರುಗಿಸಿ ಹಿಂಬದಿಯ ಚಿತ್ರ ನೋಡಿ: ಇಪ್ಪತ್ತು ಸಾವಿರದ ನೋಟಿನಲ್ಲಿ ಹೋಯ್ ಆನ್‌ನ ಜಪಾನಿ ಸೇತುವೆ, ಐದು ಲಕ್ಷದಲ್ಲಿ ಕಿಮ್ ಲಿಯೆನ್ ಹಳ್ಳಿಯಲ್ಲಿರುವ ಹೋ ಚಿ ಮಿನ್ ಅವರ ಮನೆ. (ಆ ಸೇತುವೆ ನಾನು ನಿಂತಿದ್ದ ಜಾಗದಿಂದ ನಡೆದು ಹೋಗುವ ದೂರದಲ್ಲೇ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.) ಮರುದಿನದಿಂದ ಐದು ಲಕ್ಷದ ನೋಟುಗಳನ್ನು ಪರ್ಸಿನಲ್ಲಿ ಇಡುವುದನ್ನೇ ಬಿಟ್ಟು ಬೇರೆ ಚೀಲದಲ್ಲಿ ಇಟ್ಟೆ. ಒಂದು ಲಕ್ಷದ ನೋಟು ಹಸಿರು, ಅದು ಗೊಂದಲ ಮಾಡುವುದಿಲ್ಲ.

ಎಟಿಎಂಗಳು ನಗರಗಳಲ್ಲಿ ಎಲ್ಲೆಡೆ ಇವೆ. ಒಮ್ಮೆಗೆ ತೆಗೆಯಬಹುದಾದ ಮೊತ್ತ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ. ಹಲವು ಯಂತ್ರಗಳು 20 ಅಥವಾ 30 ಲಕ್ಷಕ್ಕೇ ನಿಲ್ಲುತ್ತವೆ, ಕೆಲವು 50 ಲಕ್ಷದವರೆಗೆ ಕೊಡುತ್ತವೆ. ಪ್ರತಿ ಸಲವೂ ಶುಲ್ಕ ಬೀಳುವುದರಿಂದ ಹೆಚ್ಚಿನ ಮಿತಿಯ ಯಂತ್ರವನ್ನು ಹುಡುಕುವುದು ಲಾಭಕರ. 20 ಲಕ್ಷದ ಬದಲು 19 ಲಕ್ಷ ಎಂದು ಒತ್ತಿದರೆ ಕೆಲವು ಸಣ್ಣ ನೋಟುಗಳೂ ಬರುತ್ತವೆ. ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ ಎಂದು ಯಂತ್ರ ಸೌಜನ್ಯದಿಂದ ಕೇಳಿದರೆ ಬೇಡ ಎನ್ನಿ; ಆ ಸೌಜನ್ಯದ ಬೆಲೆಯನ್ನು ದರದಲ್ಲಿ ಸೇರಿಸಿರುತ್ತಾರೆ. ಕೆಲವು ಯಂತ್ರಗಳಲ್ಲಿ ಹಣ ಮೊದಲು, ಕಾರ್ಡ್ ಆಮೇಲೆ ಬರುತ್ತದೆ. ಕಾರ್ಡ್ ಕೈಗೆ ಬರುವ ತನಕ ಎಣಿಸಲು ಶುರು ಮಾಡಬೇಡಿ.

ಬೀದಿಬದಿಯ ಅಂಗಡಿಗಳಲ್ಲೂ ಕ್ಯೂಆರ್ ಫಲಕಗಳು ಕಾಣುತ್ತವೆ, ಆದರೆ ಅವು ಹೆಚ್ಚಾಗಿ ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ ಮಾತ್ರ. ಮಾರುಕಟ್ಟೆಯಲ್ಲಿ, ದೋಣಿಯಲ್ಲಿ, ಸಣ್ಣ ಊಟದ ಅಂಗಡಿಯಲ್ಲಿ ಪ್ರವಾಸಿಗೆ ನಗದೇ ದಾರಿ, ಅದೂ ಚಿಲ್ಲರೆಯಾಗಿ. ನಾಣ್ಯಗಳು ಚಲಾವಣೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಬೆಳಿಗ್ಗೆ ಮೊದಲ ಗಿರಾಕಿಯಾಗಿ ಐದು ಲಕ್ಷದ ನೋಟು ಚಾಚಿದರೆ ವ್ಯಾಪಾರಿ ಪಕ್ಕದ ಅಂಗಡಿಗೆ ಓಡಬೇಕಾಗುತ್ತದೆ. ದೊಡ್ಡ ನೋಟುಗಳನ್ನು ಸೂಪರ್ ಮಾರ್ಕೆಟ್‌ಗಳಲ್ಲಿ, ಹೋಟೆಲಿನಲ್ಲಿ ಮುರಿಸಿಕೊಳ್ಳುವುದು ಒಳ್ಳೆಯದು.

ದೇಶದ ಗಡಿ ದಾಟುವಾಗ 5,000 ಡಾಲರಿಗಿಂತ ಅಥವಾ 1.5 ಕೋಟಿ ಡಾಂಗಿಗಿಂತ ಹೆಚ್ಚು ನಗದಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಸಾಮಾನ್ಯ ಪ್ರವಾಸಿಗೆ ಆ ಚಿಂತೆ ಬಾರದು, ಆದರೆ ಉಳಿದ ಡಾಂಗನ್ನು ಹೊರದೇಶದಲ್ಲಿ ಬದಲಾಯಿಸುವುದು ಕಷ್ಟ ಎಂಬುದು ಎಲ್ಲರಿಗೂ ಅನ್ವಯಿಸುತ್ತದೆ. ನಾನು ಹೋ ಚಿ ಮಿನ್ ನಗರದ ಹೋಟೆಲಿನಲ್ಲಿ ಕೊನೆಯ ಬಿಲ್ಲು ಕಟ್ಟುವಾಗ ಟ್ಯಾಕ್ಸಿಗೆ ಬೇಕಾದಷ್ಟನ್ನು ಬದಿಗಿಟ್ಟು, ಪರ್ಸಿನಲ್ಲಿದ್ದ ಡಾಂಗನ್ನೆಲ್ಲ ಮೇಜಿನ ಮೇಲೆ ಸುರಿದು, ಕಡಿಮೆ ಬಿದ್ದದ್ದನ್ನು ಮಾತ್ರ ಕಾರ್ಡಿನಲ್ಲಿ ಕೊಡಬಹುದೇ ಎಂದು ಕೇಳಿದೆ. ಅವರು ಒಪ್ಪಿದರು, ಎರಡೆರಡು ಸಲ ಎಣಿಸಿದರು. ಈ ಸಲ ನಾನೂ ಎಣಿಸಿದೆ.