ಕ್ವೆರಿ ಸೋತರೆ ಸ್ಕ್ರಿಪ್ಟ್ ಬಾಯಿಬಿಟ್ಟು ಹೇಳಬೇಕು

ಗೋಣಿಕೊಪ್ಪದಲ್ಲಿ ಕಾಫಿ ಖರೀದಿ ಮಾಡುವ ಒಂದು ಅಂಗಡಿಯ ಕಂಪ್ಯೂಟರ್ ಕೆಲಸ ನನ್ನದು. ಬೆಳೆಗಾರರು ತಂದ ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ತೂಕದ ಚೀಟಿಗಳನ್ನು ರಾತ್ರಿ ಒಂದು ಪಿಎಚ್‌ಪಿ ಸ್ಕ್ರಿಪ್ಟ್ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಏರಿಸುತ್ತದೆ.

ನಾನು ಸೇರುವ ಮೊದಲಿನಿಂದ ಇದ್ದ ಸ್ಕ್ರಿಪ್ಟ್ ಅದು. ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಆದೇಶ, ಸೋತರೂ ಮುಂದಿನ ಸಾಲಿಗೆ ಹೋಗಿ, ಕೊನೆಗೆ 'ಎಲ್ಲಾ ಏರಿದೆ' ಅಂತ ಬರೆಯುತ್ತಿತ್ತು. ಒಬ್ಬ ಹಿರಿಯರು ಚೀಟಿ ಹಿಡಿದು ಬಂದರು. ಲೆಕ್ಕದಲ್ಲಿ ಅವರ ಮೂಟೆಗಳೇ ಇಲ್ಲ! ಇಂಗ್ಲಿಷಿನಲ್ಲಿ ಡಿಸೋಜಾ ಅಂತ ಬರೆಯುವಾಗ ಡಿ ಆದಮೇಲೆ ಒಂದು ಕೊಂಬು ಬರುತ್ತದಲ್ವಾ, ಆ ಒಂಟಿ ಕೋಟ್ ಕ್ವೆರಿಯನ್ನು ಅರ್ಧಕ್ಕೇ ಮುಚ್ಚಿತ್ತು. ಎರರ್ ನಂಬರ್ 1064, ಅಂದರೆ ಕ್ವೆರಿಯ ವಾಕ್ಯರಚನೆಯೇ ತಪ್ಪು. ಹೆಸರನ್ನು ಕ್ವೆರಿಗೆ ಅಂಟಿಸದೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ (ಕ್ವೆರಿಯಲ್ಲಿ ಜಾಗ ಮಾತ್ರ ಬಿಟ್ಟು ಮೌಲ್ಯವನ್ನು ಬೇರೆಯಾಗಿ ಕೊಡುವ ವಿಧಾನ) ಕೊಟ್ಟರೆ ಈ ತೊಂದರೆ ಹೋಗುತ್ತದೆ. ವರ್ಷವಿಡೀ ದುಡಿದವರ ತೂಕ ಹೀಗೆ ಮಾಯವಾಗಬಾರದು.

ಪಿಎಚ್‌ಪಿ 8.1ರಿಂದ ಕ್ವೆರಿ ಸೋತರೆ ಮೈಎಸ್‌ಕ್ಯೂಎಲ್‌ಐ (ಪಿಎಚ್‌ಪಿಯನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸುವ ಭಾಗ) ತಾನಾಗಿಯೇ ಎಕ್ಸೆಪ್ಶನ್, ಅಂದರೆ ಹಿಡಿಯದಿದ್ದರೆ ಸ್ಕ್ರಿಪ್ಟನ್ನೇ ನಿಲ್ಲಿಸುವ ಎರರ್ ಸೂಚನೆ, ಕೊಡುತ್ತದೆ. ಅದಕ್ಕಿಂತ ಹಳೆಯದರಲ್ಲಿ mysqli_report ಹಾಕಿ ಅದನ್ನು ನಾವೇ ಆನ್ ಮಾಡಬೇಕು. ಆದರೆ ಎಕ್ಸೆಪ್ಶನ್ ಹಿಡಿದು ಕ್ಯಾಚ್ ಒಳಗೆ ಏನೂ ಬರೆಯದೆ ಬಿಟ್ಟರೆ ಮತ್ತೆ ಹಳೇ ಕಥೆಯೇ.

ಎಲ್ಲ ಎರರ್‌ಗೂ ಒಂದೇ ಮದ್ದು ಇಲ್ಲ. 1064 ಬಂದರೆ ಎಷ್ಟು ಸಲ ಓಡಿಸಿದರೂ ಅಷ್ಟೇ, ಕೋಡ್ ತಿದ್ದಬೇಕು. ಎರರ್ 1213 ಡೆಡ್‌ಲಾಕ್, ಎರಡು ಕೆಲಸ ಒಂದನ್ನೊಂದು ಕಾಯುತ್ತಾ ಸಿಕ್ಕಿಹಾಕಿಕೊಳ್ಳುವುದು. ಆಗ ಇನ್ನೊಡಿಬಿ (ಮೈಎಸ್‌ಕ್ಯೂಎಲ್‌ನ ಟೇಬಲ್ ಎಂಜಿನ್) ಇಡೀ ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೇ ನಡೆಯಬೇಕಾದ ಕ್ವೆರಿಗಳ ಗುಂಪನ್ನೇ, ಹಿಂದೆ ತೆಗೆದಿರುತ್ತದೆ, ಹಾಗಾಗಿ ಮೊದಲಿಂದ ಶುರು ಮಾಡಬೇಕು. 1205 ಅಂದರೆ ಲಾಕ್‌ಗೆ ಕಾದು ಸಮಯ ಮುಗಿದದ್ದು. ಅದರಲ್ಲಿ ಸಾಮಾನ್ಯವಾಗಿ ಆ ಒಂದು ಕ್ವೆರಿ ಮಾತ್ರ ಹಿಂದೆ ಹೋಗುತ್ತದೆ, ಉಳಿದದ್ದಕ್ಕೆ ರೋಲ್‌ಬ್ಯಾಕ್ (ಹಿಂದೆ ತೆಗೆಯುವ ಆದೇಶ) ನಾವೇ ಕೊಡಬೇಕು. ತೂಕ ಸೇರಿಸುವುದು, ಮುಂಗಡ ಕಳೆಯುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಮುಂಗಡ ಕಳೆದು ತೂಕ ಬಿಟ್ಟುಹೋಗಬಹುದು. ಟೇಬಲ್ ಇನ್ನೊಡಿಬಿ ಅಲ್ಲದೆ ಹಳೇ ಮೈಐಎಸ್‌ಎಎಂ ಬಗೆಯದಾಗಿದ್ದರೆ ರೋಲ್‌ಬ್ಯಾಕ್ ನಡೆಯುವುದೇ ಇಲ್ಲ, ಮೊದಲು ಅದನ್ನು ನೋಡಿ.

ಜಾಸ್ತಿ ಯೋಚಿಸಬೇಕಾದದ್ದು ಎರರ್ 2013. ಕ್ವೆರಿ ನಡೆಯುವಾಗಲೇ ಸಂಪರ್ಕ ಕಡಿಯುವುದು. ನಮ್ಮಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಸಾಕು, ಕರೆಂಟೂ ಇಲ್ಲ ನೆಟ್ಟೂ ಇಲ್ಲ. ಕಮಿಟ್ (ಬದಲಾವಣೆ ಖಾಯಂ ಮಾಡುವ) ಹೊತ್ತಲ್ಲಿ ಕಡಿದರೆ ಸಾಲು ಸೇರಿತೋ ಇಲ್ಲವೋ ಸ್ಕ್ರಿಪ್ಟ್‌ಗೆ ಗೊತ್ತಾಗುವುದಿಲ್ಲ. ಸುಮ್ನೆ ಮತ್ತೆ ಕಳಿಸಿದರೆ ಒಂದೇ ಚೀಟಿ ಎರಡು ಸಲ ಏರಬಹುದು. ಅದಕ್ಕೇ ಕೊಯ್ಲಿನ ವರ್ಷ, ಚೀಟಿ ನಂಬರ್ ಎರಡನ್ನೂ ಸೇರಿಸಿ ಯೂನಿಕ್ ಕೀ ಮಾಡಿದೆವು, ಅದೇ ಜೋಡಿ ಎರಡನೇ ಸಲ ಸೇರುವುದಿಲ್ಲ. ಚೀಟಿ ನಂಬರ್ ಪ್ರತಿ ಕೊಯ್ಲಿಗೂ ಒಂದರಿಂದ ಶುರುವಾಗುತ್ತದೆ, ಅದೊಂದೇ ಸಾಲದು. ಮರುಪ್ರಯತ್ನದಲ್ಲಿ 1062, ಅಂದರೆ ಆ ಕೀ ಈಗಾಗಲೇ ಇದೆ ಎಂಬ ಎರರ್, ಬಂದರೆ ಅಲ್ಲಿರುವ ಸಾಲಿನ ಹೆಸರು, ತೂಕ ಹೋಲಿಸುತ್ತೇವೆ. ಸರಿಹೊಂದಿದರೆ ಮೊದಲೇ ಏರಿದೆ ಎಂದರ್ಥ. ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಎರರ್ ನಂಬರ್, ಚೀಟಿ ನಂಬರ್ ಲಾಗ್‌ಗೆ ಹೋಗುತ್ತವೆ, ಕೌಂಟರ್‌ನಲ್ಲಿ ಕೂತವರಿಗೆ 'ಈ ಚೀಟಿ ಏರಿಲ್ಲ' ಅಂತಷ್ಟೇ ಕಾಣುತ್ತದೆ.